ಪರಭಾಷೆಯ ಪಾಠದಲ್ಲಿ ಆಟ: ಕೊಮೇನಿಯಸನಿಂದ ಬೆಂಗಳೂರಿನವರೆಗೆ

ಗಡಿನಾಡಿನ ಕನ್ನಡ ಶಾಲೆಯ ಉಪಾಧ್ಯಾಯನಿಗೆ ಭಾಷೆ ಎಂಬುದು ಒಂದಲ್ಲ. ಮೊದಲ ಗಂಟೆಗೆ ಕನ್ನಡ, ಮುಂದಿನ ಗಂಟೆಗೆ ಆಯಾ ರಾಜ್ಯದ ಭಾಷೆ, ಊಟದ ಬಿಡುವಾದ ಮೇಲೆ ಇಂಗ್ಲೀಷು, ಸಂಜೆಯ ಹೊತ್ತಿಗೆ ಹಿಂದಿ. ನಮ್ಮ ಕಾಸರಗೋಡಿನ ಕಡೆಯಲ್ಲಂತೂ ಮಗುವಿನ ಮನೆಮಾತು ಈ ನಾಲ್ಕರಲ್ಲಿ ಯಾವುದೂ ಆಗಿರದೆ, ತುಳುವೋ ಕೊಂಕಣಿಯೋ ಮರಾಟಿಯೋ ಆಗಿರುವುದು ತೀರ ಸಾಮಾನ್ಯ. ಇಷ್ಟು ಮಾತುಗಳ ನಡುವೆ ಬೆಳೆಯುವ ಮಗುವಿಗೆ ಇನ್ನೂ ಒಂದು ಪರಭಾಷೆಯನ್ನು ಹೇಗೆ ಕಲಿಸಬೇಕೆಂಬುದು ನಮಗೆ ಪುಸ್ತಕದ ಪ್ರಶ್ನೆಯಲ್ಲ. ನಿತ್ಯವೂ ಕರಿಹಲಗೆಯ ಮುಂದೆ ನಿಂತಾಗ ಎದುರಾಗುವ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಒಂದು ತರಬೇತಿ ಶಿಬಿರದಲ್ಲಿ ನಮಗೊಂದು ಆಟವನ್ನು ಕಲಿಸಿಕೊಟ್ಟರು. ಉಪಾಧ್ಯಾಯನು ಇಂಗ್ಲೀಷಿನಲ್ಲಿ ಅಪ್ಪಣೆ ಕೊಡಬೇಕು; ಮಕ್ಕಳು ಬಾಯಿ ತೆರೆಯದೆ ಅದನ್ನು ಮಾಡಿ ತೋರಿಸಬೇಕು. ಏಳೆಂದರೆ ಏಳಬೇಕು, ಕಿಟಕಿಯನ್ನು ಮುಟ್ಟೆಂದರೆ ಮುಟ್ಟಬೇಕು. ಇದು ಅಮೆರಿಕದಿಂದ ಬಂದ ಹೊಸ ಪದ್ಧತಿಯೆಂದು ಶಿಬಿರದವರು ವಿವರಿಸಿದರು. ಪಕ್ಕದಲ್ಲಿ ಕುಳಿತಿದ್ದ ಹಿರಿಯ ಉಪಾಧ್ಯಾಯರೊಬ್ಬರು ನಮ್ಮ ಕಿವಿಯಲ್ಲಿ, "ಇದನ್ನು ನಾವು ಟ್ರೈನಿಂಗಿನಲ್ಲೇ ಮಾಡಿದ್ದೆವಲ್ಲ ಮಾಸ್ಟ್ರೇ, ಆಗಲೂ ಹೊಸತೆಂದೇ ಹೇಳಿದ್ದರು" ಎಂದರು. ಆ ಮಾತು ನಮ್ಮ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಪರಭಾಷೆಯನ್ನು ಆಟದ ಮೂಲಕ ಕಲಿಸುವ ಯತ್ನ ಯಾವಾಗ ಮೊದಲಾಯಿತು, ಅದು ಮತ್ತೆ ಮತ್ತೆ ಹೊಸದಾಗಿ ಹುಟ್ಟುವುದೇಕೆ, ಮತ್ತೆ ಮತ್ತೆ ಮರೆತುಹೋಗುವುದೇಕೆ ಎಂದು ವಿಚಾರಿಸಿದ್ದರ ಫಲವೇ ಈ ಲೇಖನ.

ಯುರೋಪಿನಲ್ಲಿ ಲ್ಯಾಟಿನ್ ಯಾರ ಮನೆಮಾತೂ ಆಗಿರದೆ, ವಿದ್ಯೆಗೂ ಧರ್ಮಕ್ಕೂ ರಾಜಕಾರ್ಯಕ್ಕೂ ಬಾಗಿಲಾಗಿದ್ದ ಕಾಲವೊಂದಿತ್ತು. ಇಂದು ನಮ್ಮಲ್ಲಿ ಇಂಗ್ಲೀಷಿಗಿರುವ ಸ್ಥಾನ ಅಂದು ಅಲ್ಲಿ ಲ್ಯಾಟಿನ್ನಿಗೆ. ವ್ಯಾಕರಣದ ಸೂತ್ರಗಳನ್ನು ಉರುಹೊಡೆಸಿ ಬೆತ್ತದಿಂದ ಅದನ್ನು ಕಲಿಸುತ್ತಿದ್ದರು. ಫ್ರಾನ್ಸಿನ ಪ್ರಬಂಧಕಾರ ಮಾಂತೇನ್ (ಜನನ ೧೫೩೩) ಈ ಬೆತ್ತದಿಂದ ತಪ್ಪಿಸಿಕೊಂಡ ಭಾಗ್ಯಶಾಲಿ. ಅವನ ತಂದೆ ಫ್ರೆಂಚ್ ಬಾರದ ಜರ್ಮನ್ ಪಂಡಿತನೊಬ್ಬನನ್ನು ಮನೆಯಲ್ಲಿಟ್ಟು, ಆಳುಕಾಳುಗಳು ಕೂಡ ಮಗುವಿನೊಡನೆ ತಮಗೆ ಬಂದಷ್ಟು ಲ್ಯಾಟಿನ್ನಿನಲ್ಲಿಯೇ ಮಾತಾಡಬೇಕೆಂದು ಕಟ್ಟುಮಾಡಿದ್ದನಂತೆ. ಗ್ರೀಕನ್ನು ಮಾತ್ರ ಆಟದ ರೂಪದಲ್ಲಿ, ಶಬ್ದರೂಪಗಳನ್ನು ಚೆಂಡಿನಂತೆ ಅತ್ತಿತ್ತ ಎಸೆಯುತ್ತ ಕಲಿಸಲು ನೋಡಿದರೆಂದು ಮಾಂತೇನನೇ ಬರೆದಿದ್ದಾನೆ. ಲ್ಯಾಟಿನ್ ಅವನಿಗೆ ಮಾತೃಭಾಷೆಯಂತಾಯಿತು. ಗ್ರೀಕು ಅಷ್ಟಾಗಿ ಹತ್ತಲಿಲ್ಲ. ಆಟವೆಂದ ಮಾತ್ರಕ್ಕೆ ಕಲಿಕೆಯಾಗದು ಎಂಬುದಕ್ಕೆ ನಮಗೆ ದೊರೆಯುವ ಹಳೆಯ ಸಾಕ್ಷ್ಯಗಳಲ್ಲಿ ಇದೊಂದು.

ಶ್ರೀಮಂತನ ಒಬ್ಬ ಮಗನಿಗೆ ಮಾಡಿದ್ದನ್ನು ಶಾಲೆಯ ನೂರಾರು ಮಕ್ಕಳಿಗೆ ಮಾಡುವುದು ಬೇರೆಯ ಮಾತು. ಆ ಕೆಲಸಕ್ಕೆ ಕೈಹಾಕಿದವನು ಯಾನ್ ಆಮೊಸ್ ಕೊಮೆನ್ಸ್ಕಿ. ಲೋಕಕ್ಕೆ ಕೊಮೇನಿಯಸನೆಂದು ಪರಿಚಿತ. ೧೫೯೨ರಲ್ಲಿ ಮೊರೇವಿಯಾದಲ್ಲಿ ಹುಟ್ಟಿದ ಇವನ ಮನೆಮಾತು ಚೆಕ್. ಮತಕಲಹದ ಯುದ್ಧದಲ್ಲಿ ಊರನ್ನು ಕಳೆದುಕೊಂಡ. ೧೬೨೨ರಲ್ಲಿ ಹೆಂಡತಿಯೂ ಇಬ್ಬರು ಮಕ್ಕಳೂ ಸಾಂಕ್ರಾಮಿಕಕ್ಕೆ ತುತ್ತಾದರು. ೧೬೨೮ರಲ್ಲಿ ದೇಶಭ್ರಷ್ಟನಾಗಿ ಪೋಲೆಂಡಿನ ಲೆಶ್ನೊ ಎಂಬ ಊರಿಗೆ ಬಂದು ಉಪಾಧ್ಯಾಯನಾದ. ಅಲ್ಲಿಂದ ೧೬೩೧ರಲ್ಲಿ ಹೊರಬಂದ ಅವನ 'ಭಾಷೆಗಳ ಬಾಗಿಲು' ಎಂಬರ್ಥದ ಪಠ್ಯಪುಸ್ತಕದಲ್ಲಿ ಒಂದು ಸಾವಿರ ವಾಕ್ಯಗಳು, ಸುಮಾರು ಎಂಟು ಸಾವಿರ ಶಬ್ದಗಳು. ಬೆಂಕಿ, ನೀರು, ಗಿಡಮರ, ದೇಹ, ಕಸುಬು ಎಂದು ಲೋಕವನ್ನೇ ನೂರು ಅಧ್ಯಾಯಗಳಲ್ಲಿ ಜೋಡಿಸಿ, ವಸ್ತುವಿನ ಜೊತೆಗೆ ಶಬ್ದವನ್ನು ಕಲಿಸುವ ಕ್ರಮ. ಪುಸ್ತಕ ಯುರೋಪಿನ ಅನೇಕ ಭಾಷೆಗಳಿಗೆ ಹೋಯಿತು.

೧೬೫೦ರಲ್ಲಿ ಹಂಗೆರಿಯ ಶಾರೊಶ್‌ಪಟಾಕ್ ಎಂಬಲ್ಲಿಗೆ, ಅಲ್ಲಿನ ರಾಜಮಾತೆ ಜುಜನ್ನಾ ಲೊರಾಂಟ್ಫಿಯ ಆಮಂತ್ರಣದ ಮೇಲೆ ಹೋದ. ಏಳು ತರಗತಿಗಳ ಶಾಲೆಯೊಂದನ್ನು ಕಟ್ಟುವುದು ಅವನ ಉದ್ದೇಶ. ಕಾರ್ಯಗತವಾದದ್ದು ಮೂರೇ ತರಗತಿ. ಮಕ್ಕಳಿಗೆ ಪಾಠದಲ್ಲಿ ಆಸ್ಥೆಯಿಲ್ಲ, ಉಪಾಧ್ಯಾಯರಿಗೆ ಹೊಸ ಕ್ರಮದಲ್ಲಿ ನಂಬಿಕೆಯಿಲ್ಲ. ಈ ಜಾಡ್ಯವನ್ನು ಕಂಡು ಅವನು ತನ್ನ ಪಠ್ಯಪುಸ್ತಕವನ್ನೇ ಎಂಟು ನಾಟಕಗಳಾಗಿ ಬದಲಾಯಿಸಿದ. 'ಆಟವೆಂಬ ಶಾಲೆ' ಎಂಬುದು ಅದರ ಹೆಸರಿನ ಅರ್ಥ. ಟಾಲೆಮಿ ರಾಜನು ಪ್ಲೇಟೋ, ಪ್ಲಿನಿ ಮೊದಲಾದ ಪಂಡಿತರನ್ನು ಕರೆಸಿ, ಲೋಕದ ವಸ್ತುಗಳಿಗೆಲ್ಲ ಸರಿಯಾದ ಹೆಸರನ್ನು ನಿರ್ಣಯಿಸುವ ಕೆಲಸಕ್ಕೆ ತೊಡಗುತ್ತಾನೆ. ಒಬ್ಬೊಬ್ಬರಾಗಿ ಬಂದವರು ತಮ್ಮ ತಮ್ಮ ವಿಷಯವನ್ನು ಲ್ಯಾಟಿನ್ನಿನಲ್ಲಿ ಹೇಳಿ ಹೋಗುತ್ತಾರೆ. ಕಥೆಯೆಂಬುದು ಹೆಚ್ಚೇನೂ ಇಲ್ಲ. ಆದರೆ ಹಲವಾರು ಹುಡುಗರಿಗೆ ಒಂದೊಂದು ಪಾತ್ರ ದೊರೆಯುತ್ತದೆ, ಊರವರು ನೋಡಲು ಬರುತ್ತಾರೆ. ಶಾಲೆಯಲ್ಲಿ ನಾಟಕವೇ ಎಂದು ಮೊದಲು ಮೂಗು ಮುರಿದವರಿದ್ದರು. ಪ್ರದರ್ಶನವಾದ ಮೇಲೆ ಅವರ ಮಾತು ನಿಂತಿತು. ೧೬೫೪ರಲ್ಲಿ ಕೊಮೇನಿಯಸ್ ಆ ಊರನ್ನು ಬಿಟ್ಟು ಲೆಶ್ನೊಗೆ ಮರಳಿದ.

ಇಲ್ಲಿ ಒಂದು ಮಾತನ್ನು ನಡುವೆ ಹೇಳಿಬಿಡಬೇಕೆನಿಸುತ್ತದೆ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಾದ ನಮಗೆ ಈ ಉಪಾಯ ಅಪರಿಚಿತವಲ್ಲ. ಮನೆಯಲ್ಲಿ ತುಳು ಮಾತ್ರ ಆಡುವ, ಶಾಲೆಯ ಮೆಟ್ಟಿಲನ್ನೂ ಸರಿಯಾಗಿ ಹತ್ತದ ಎಷ್ಟೋ ಮಂದಿ ಯಕ್ಷಗಾನದ ಚೌಕಿಯಲ್ಲಿ, ತಾಳಮದ್ದಳೆಯ ಚಾವಡಿಯಲ್ಲಿ ಕುಳಿತು ಶುದ್ಧವಾದ ಗ್ರಾಂಥಿಕ ಕನ್ನಡವನ್ನು ಕಲಿತರು. ಅರ್ಥಧಾರಿಯಾದವನು ಪ್ರಸಂಗದ ಹಾಡನ್ನು ಹಿಡಿದು ಅಲ್ಲಿಯೇ ಮಾತನ್ನು ಕಟ್ಟಬೇಕು. ಎದುರಾಳಿ ಏನು ಕೇಳುತ್ತಾನೆಂಬುದು ಮೊದಲೇ ತಿಳಿಯದು. ಉರುಹೊಡೆದ ಮಾತು ಅಲ್ಲಿ ಒಂದು ಗಳಿಗೆಯೂ ನಿಲ್ಲಲಾರದು. ಕೊಮೇನಿಯಸನ ಹುಡುಗರು ಬರೆದಿಟ್ಟ ಮಾತನ್ನು ಒಪ್ಪಿಸಿದರು. ನಮ್ಮವರು ಮಾತನ್ನು ಹುಟ್ಟಿಸಿದರು. ಭಾಷಾಬೋಧನೆಯ ದೃಷ್ಟಿಯಿಂದ ನಮ್ಮದು ಮೇಲಿನ ಮೆಟ್ಟಿಲೆಂದು ಹೇಳಿದರೆ ಅಭಿಮಾನದ ಮಾತಾಗಲಾರದು. ಅದನ್ನು ಒಂದು ಪದ್ಧತಿಯೆಂದು ಯಾರೂ ಕರೆಯದ್ದರಿಂದ ತರಬೇತಿ ಶಾಲೆಗಳ ಪಾಠಪಟ್ಟಿಗೆ ಅದು ಸೇರಲಿಲ್ಲ, ಅಷ್ಟೆ.

ಶಾರೊಶ್‌ಪಟಾಕಿನಲ್ಲಿಯೇ ಕೊಮೇನಿಯಸನು ಚಿತ್ರಪುಸ್ತಕವೊಂದನ್ನು ಸಿದ್ಧಮಾಡಿದ್ದ. ಚಿತ್ರ ಕೆತ್ತುವವರು ಅಲ್ಲಿರದ ಕಾರಣ ಅದು ನ್ಯೂರೆಂಬರ್ಗಿಗೆ ಹೋಗಿ ೧೬೫೮ರಲ್ಲಿ ಅಚ್ಚಾಯಿತು. 'ಓರ್ಬಿಸ್ ಪಿಕ್ಟಸ್' ಎಂಬ ಈ ಪುಸ್ತಕ ನೂರೈವತ್ತು ಪಾಠಗಳದ್ದು. ಮೊದಲಲ್ಲಿ ಪ್ರಾಣಿಗಳ ಕೂಗಿನಿಂದ ಅಕ್ಷರವನ್ನು ಕಲಿಸುತ್ತಾನೆ: ಕಾಗೆ ಕೂಗಿದರೆ ಒಂದು ಸ್ವರ, ಕುರಿಮರಿ ಅರಚಿದರೆ ಒಂದು ವ್ಯಂಜನ. ಮುಂದೆ ಪ್ರತಿ ಪಾಠಕ್ಕೂ ಒಂದು ಚಿತ್ರ; ಚಿತ್ರದ ಅಂಗಾಂಗಗಳಿಗೆ ಅಂಕೆ; ಅದೇ ಅಂಕೆ ಕೆಳಗಿನ ಎರಡು ಭಾಷೆಯ ವಾಕ್ಯಗಳಲ್ಲಿ. ಮಗು ಅಂಕೆಯನ್ನು ಹಿಡಿದು ಚಿತ್ರದಲ್ಲಿ ಹುಡುಕುತ್ತದೆ, ಪುನಃ ಮಾತಿಗೆ ಬರುತ್ತದೆ. ಈ ಹುಡುಕಾಟವೇ ಆಟ. ಮಕ್ಕಳು ಈ ಚಿತ್ರಗಳನ್ನು ನೋಡಿ ತಾವೂ ಬರೆಯಲಿ ಎಂದು ಮುನ್ನುಡಿಯಲ್ಲಿ ಸೂಚಿಸಿದ್ದಾನೆ. ಮರುವರ್ಷವೇ ಇದರ ಇಂಗ್ಲೀಷ್ ರೂಪ ಬಂತು. ನೂರು ವರ್ಷಗಳ ತರುವಾಯ ಗಯಟೆಯ ಬಾಲ್ಯದಲ್ಲಿಯೂ ಅದೇ ಪುಸ್ತಕ ಕೈಯಲ್ಲಿತ್ತು.

ನಮ್ಮಂಥವರು ಗಮನಿಸಬೇಕಾದ ಸಂಗತಿ ಮುಂದಿನದು. ನ್ಯೂರೆಂಬರ್ಗಿನ ಪುಸ್ತಕದಲ್ಲಿ ಇದ್ದ ಎರಡು ಭಾಷೆಗಳು ಲ್ಯಾಟಿನ್ ಮತ್ತು ಜರ್ಮನ್. ಗ್ರಂಥಕರ್ತನ ಮಾತೃಭಾಷೆಗೆ ಅದರಲ್ಲಿ ಸ್ಥಳವಿರಲಿಲ್ಲ. ಚೆಕ್ ಪಾಠವೂ ಸೇರಿದ ನಾಲ್ಕು ಭಾಷೆಗಳ ಮುದ್ರಣ ಲೆವೊಚಾ ಎಂಬ ಊರಿನಿಂದ ಹೊರಬಂದದ್ದು ೧೬೮೫ರಲ್ಲಿ. ಕೊಮೇನಿಯಸ್ ತೀರಿಕೊಂಡು ಆಗಲೇ ಹದಿನೈದು ವರ್ಷಗಳಾಗಿದ್ದವು. ಅಷ್ಟೇ ಅಲ್ಲ, ೧೬೫೬ರಲ್ಲಿ ಲೆಶ್ನೊ ಪಟ್ಟಣ ಸುಟ್ಟುಹೋದಾಗ, ನಾಲ್ಕು ದಶಕಗಳಿಗೂ ಮೀರಿ ಅವನು ಕೂಡಿಸುತ್ತ ಬಂದಿದ್ದ ಚೆಕ್ ಭಾಷೆಯ ಶಬ್ದಕೋಶದ ಹಸ್ತಪ್ರತಿ ಬೆಂಕಿಗೆ ಆಹುತಿಯಾಯಿತು. ಲೋಕಕ್ಕೆಲ್ಲ ಪರಭಾಷೆಯ ಬಾಗಿಲನ್ನು ತೆರೆದವನು ತನ್ನ ಭಾಷೆಯ ಮನೆ ಉರಿದುಹೋದದ್ದನ್ನು ಕಂಡು ಕೊನೆಯವರೆಗೂ ಮರುಗಿದ.

ಅದೇ ಕಾರಣದಿಂದಲೋ ಏನೋ, ಭಾಷೆಗಳ ವಿಷಯದಲ್ಲಿ ಅವನ ವಿವೇಕ ಬಹಳ ಸ್ಪಷ್ಟವಾಗಿದೆ. ತನ್ನ ದೊಡ್ಡ ಬೋಧನಾಶಾಸ್ತ್ರ ಗ್ರಂಥದಲ್ಲಿ ಭಾಷೆಗಳನ್ನು ಅವುಗಳ ಉಪಯೋಗದಿಂದ ವಿಂಗಡಿಸಿದ್ದಾನೆ: ಮನೆಯ ಬಾಳಿಗೆ ಮಾತೃಭಾಷೆ, ನೆರೆಯವರೊಡನೆ ವ್ಯವಹಾರಕ್ಕೆ ನೆರೆಭಾಷೆ, ಶಾಸ್ತ್ರಗ್ರಂಥಗಳಿಗೆ ಲ್ಯಾಟಿನ್. ಪೋಲೆಂಡಿನ ಒಂದು ಮಗ್ಗುಲಿನವರಿಗೆ ಜರ್ಮನ್ ಬೇಕು, ಬೇರೆ ಮಗ್ಗುಲಿನವರಿಗೆ ಹಂಗೇರಿಯನ್ನೋ ತುರ್ಕಿಯೋ ಬೇಕಾದೀತು ಎಂದು ಗಡಿಯವರ ಅಗತ್ಯವನ್ನು ಹೆಸರಿಸಿಯೇ ಹೇಳುತ್ತಾನೆ. ಆರರಿಂದ ಹನ್ನೆರಡರವರೆಗೆ ಮಗು ಮಾತೃಭಾಷೆಯ ಶಾಲೆಯಲ್ಲಿ ಓದಬೇಕು. ಆ ಅವಧಿಯ ಕೊನೆಗೆ ನೆರೆಭಾಷೆ. ಲ್ಯಾಟಿನ್ ಅದರ ತರುವಾಯ. ಎಲ್ಲವನ್ನೂ ಸೂತ್ರಕ್ಕಿಂತ ಹೆಚ್ಚಾಗಿ ಅಭ್ಯಾಸದಿಂದ ಕಲಿಯಬೇಕು. ೨೦೧೭ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳದ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾಯಿದೆ ಬಂದಾಗ ನಮ್ಮಲ್ಲಿ ಎದ್ದ ವಾದವಿವಾದಗಳು ಸಂಘದ ಸದಸ್ಯರಿಗೆ ನೆನಪಿರಬೇಕು. ನೆರೆಭಾಷೆ ಬೇಡವೆಂದು ನಮ್ಮಲ್ಲಿ ಬಲ್ಲವರು ಹೇಳಲಿಲ್ಲ. ಯಾವ ಭಾಷೆ ಯಾವಾಗ, ಯಾವುದರ ಬುಡದ ಮೇಲೆ, ಎಂಬುದಷ್ಟೇ ಪ್ರಶ್ನೆಯಾಗಿತ್ತು. ಮುನ್ನೂರೈವತ್ತಕ್ಕೂ ಮಿಕ್ಕಿದ ವರ್ಷಗಳ ಹಿಂದೆ ಅದನ್ನೇ ಕೇಳಿಕೊಂಡವನೊಬ್ಬನಿದ್ದನೆಂಬುದು ಆಗ ನಮಗೆ ತಿಳಿದಿದ್ದರೆ ಮಾತಿಗೆ ಇನ್ನಷ್ಟು ಬಲ ಬರುತ್ತಿತ್ತು.

ಇನ್ನು ಅಪ್ಪಣೆಯ ಆಟದ ಕಥೆ. ೧೭೭೪ರಲ್ಲಿ ಜರ್ಮನಿಯ ಡೆಸ್ಸೌ ಎಂಬ ಸಣ್ಣ ಸಂಸ್ಥಾನದಲ್ಲಿ ಬಾಸೆಡೋ ಎಂಬವನು ಮಾನವಪ್ರೇಮದ ಹೆಸರಿನ ಶಾಲೆಯೊಂದನ್ನು ತೆರೆದ. ೧೭೭೬ರ ಮೇ ತಿಂಗಳಲ್ಲಿ ದೂರದೂರದ ವಿದ್ವಾಂಸರನ್ನು ಕರೆಸಿ ಸಾರ್ವಜನಿಕ ಪರೀಕ್ಷೆ ನಡೆಸಿದರು. ಅದನ್ನು ನೋಡಿದವನೊಬ್ಬನು ಅದೇ ವರ್ಷ ಬರೆದ ಪುಸ್ತಕದಿಂದ ವಿವರ ತಿಳಿಯುತ್ತದೆ. ವೋಲ್ಕೆ ಎಂಬ ಉಪಾಧ್ಯಾಯನು ಸೇನಾಪತಿ. ಸಣ್ಣ ಮಕ್ಕಳು ಸಿಪಾಯಿಗಳಂತೆ ಸಾಲಾಗಿ ನಿಂತಿದ್ದಾರೆ. ಲ್ಯಾಟಿನ್ನಿನಲ್ಲಿ ಕಣ್ಣು ಮುಚ್ಚಿ ಎಂದರೆ ಎಲ್ಲರ ಕಣ್ಣೂ ಮುಚ್ಚುತ್ತದೆ. ಸುತ್ತ ನೋಡಿ ಎಂದರೆ ಎಲ್ಲ ತಲೆಗಳೂ ತಿರುಗುತ್ತವೆ. ದರ್ಜಿಯಂತೆ ಮಾಡಿ ಎಂದರೆ ಹೊಲಿಯುತ್ತಾರೆ, ಮೋಚಿಯಂತೆ ಎಂದರೆ ದಾರ ಎಳೆಯುತ್ತಾರೆ. ನಮ್ಮ ಶಿಬಿರದಲ್ಲಿ ಹೊಸದೆಂದು ಕಂಡ ಆಟ ಇದಲ್ಲದೆ ಬೇರೆಯಲ್ಲ.

ಅಂದು ನಡೆದ ಎರಡನೆಯ ಆಟ ನಮಗೆ ಇನ್ನೂ ಮೆಚ್ಚಿಗೆಯಾಯಿತು. ಬಂದವರಲ್ಲೊಬ್ಬನು ಮಕ್ಕಳಿಗೆ ಕಾಣದಂತೆ ಒಂದು ಲ್ಯಾಟಿನ್ ಶಬ್ದವನ್ನು ಬರೆದಿಡುತ್ತಾನೆ. ಅದು ಮನುಷ್ಯದೇಹದ ಒಂದು ಭಾಗವೆಂದು ಮಾತ್ರ ಹೇಳುತ್ತಾನೆ. ತಲೆಯೇ, ಮೂಗೇ, ಕೈಯೇ, ಬೆರಳೇ ಎಂದು ಮಕ್ಕಳು ಲ್ಯಾಟಿನ್ನಿನಲ್ಲಿ ಊಹಿಸುತ್ತ ಹೋಗಿ, ಬಹಳ ಹೊತ್ತಾದ ಮೇಲೆ ಒಬ್ಬನು ಕರುಳು ಎಂದು ಕೂಗಿ ಗೆದ್ದ. ಗೆದ್ದವನಿಗೆ ತಿಂಡಿಯ ಬಹುಮಾನ. ಒಂದು ಶಬ್ದವನ್ನು ಹುಡುಕಹೋಗಿ ಇಪ್ಪತ್ತು ಶಬ್ದಗಳು ಪುನರಾವರ್ತನೆಯಾದವು. ಬಾಯಿಪಾಠವೆಂಬ ಮಾತನ್ನು ಯಾರೂ ಎತ್ತಲಿಲ್ಲ. ತತ್ತ್ವಜ್ಞಾನಿ ಕಾಂಟನು ಈ ಶಾಲೆಯನ್ನು ಹೊಗಳಿ ಪತ್ರಿಕೆಯಲ್ಲಿ ಬರೆದ. ಆದರೂ ಶಾಲೆ ಬಾಳಲಿಲ್ಲ. ಬಾಸೆಡೋ ಜಗಳಗಂಟ, ಉಪಾಧ್ಯಾಯರು ಒಬ್ಬೊಬ್ಬರಾಗಿ ಹೊರಟುಹೋದರು, ೧೭೯೩ರಲ್ಲಿ ಬಾಗಿಲು ಮುಚ್ಚಿತು. ಆಟಗಳು ಶಾಲೆಯೊಡನೆಯೇ ಮರೆಯಾದವು. ಮುಂದಿನ ಶತಮಾನದಲ್ಲಿ ಯುರೋಪಿನ ಶಾಲೆಗಳು ಪುನಃ ವ್ಯಾಕರಣ ಹಾಗೂ ಭಾಷಾಂತರದ ಹಾದಿಯನ್ನೇ ಹಿಡಿದವು. ಅದೇ ಹಾದಿ ಹಡಗೇರಿ ನಮ್ಮ ದೇಶಕ್ಕೂ ಬಂತು.

ಫ್ರಾನ್ಸಿನ ಗೂಯೆಂ ಎಂಬ ಲ್ಯಾಟಿನ್ ಉಪಾಧ್ಯಾಯನು ಈ ಹಾದಿಯ ದುರಂತವನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಂಡ. ಜರ್ಮನ್ ಕಲಿಯಲೆಂದು ಹ್ಯಾಂಬರ್ಗಿಗೆ ಹೋಗಿ ವ್ಯಾಕರಣವನ್ನೂ ಕ್ರಿಯಾಪದಗಳ ಪಟ್ಟಿಯನ್ನೂ ಕಂಠಸ್ಥ ಮಾಡಿದ. ಕೇಳಹೋದರೆ ಒಂದು ಮಾತೂ ತಿಳಿಯಲಿಲ್ಲ. ಕ್ಷೌರದ ಅಂಗಡಿಯಲ್ಲಿ ಕುಳಿತು ಮಾತಾಡಹೋಗಿ ನಗೆಪಾಟಲಾದ. ಕಡೆಗೆ ಮೂವತ್ತು ಸಾವಿರ ಶಬ್ದಗಳ ನಿಘಂಟನ್ನೇ ಒಂದು ತಿಂಗಳಲ್ಲಿ ಉರುಹೊಡೆದು ಕಣ್ಣು ಕೆಡಿಸಿಕೊಂಡ, ಆಗಲೂ ತಿಳಿಯಲಿಲ್ಲ. ಸೋತು ಊರಿಗೆ ಬಂದಾಗ, ಹೋಗುವಾಗ ತೊದಲುತ್ತಿದ್ದ ಅಕ್ಕರೆಯ ಮಗು, ಅವನ ಸೋದರಸಂಬಂಧದ ಹುಡುಗ, ಅರಳು ಹುರಿದಂತೆ ಮಾತಾಡುತ್ತಿತ್ತು. ಒಂದು ದಿನ ಹಿಟ್ಟಿನ ಗಿರಣಿಯನ್ನು ನೋಡಿಬಂದ ಆ ಮಗು ಮನೆಯ ಬಳಿ ತನ್ನದೇ ಆಟದ ಗಿರಣಿಯನ್ನು ಹೂಡಿತು. ಮರಳೇ ಧಾನ್ಯ, ಚೀಲ ತುಂಬುವುದು, ಹೊರುವುದು, ಸುರಿಯುವುದು, ಬೀಸುವುದು, ಹಿಟ್ಟನ್ನು ಒಯ್ಯುವುದು. ಒಂದೊಂದು ಕೆಲಸಕ್ಕೂ ಒಂದೊಂದು ಮಾತು, ಆದ ಕ್ರಮದಲ್ಲಿಯೇ. ಭಾಷೆ ಪಟ್ಟಿಯಲ್ಲಿಲ್ಲ, ಕ್ರಿಯೆಗಳ ಸರಪಣಿಯಲ್ಲಿದೆ ಎಂದು ಗೂಯೆಂಗೆ ಹೊಳೆದದ್ದು ಆ ಮಗುವಿನ ಆಟದಿಂದ. ೧೮೮೦ರಲ್ಲಿ ಅವನ ಗ್ರಂಥ, ೧೮೯೨ರಲ್ಲಿ ಅದರ ಇಂಗ್ಲೀಷ್ ಅನುವಾದ ಪ್ರಕಟವಾದವು.

ನೇರಪದ್ಧತಿಯೆಂಬ ಹೆಸರಿನಲ್ಲಿ ಈ ಬಗೆಯ ವಿಚಾರಗಳು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಭಾರತಕ್ಕೆ ಬಂದವು. ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿದ್ದ ರೆನ್ ಎಂಬವರು ಭಾರತೀಯ ಶಾಲೆಗಳಿಗಾಗಿ ಇದರ ಮೇಲೊಂದು ಪುಸ್ತಕ ಬರೆದರು. ಸೊಲ್ಲಾಪುರದ ಕಡೆಯ ಹಳೆಯ ಉಪಾಧ್ಯಾಯರು ಅವರ ವ್ಯಾಕರಣದ ಪುಸ್ತಕವನ್ನು ಬಲ್ಲರು, ಕಾದಂಬರಿ ಓದುವವರು ಅವರ 'ಬೋ ಜೆಸ್ಟ್' ಅನ್ನು ಬಲ್ಲರು. ಅತ್ತ ಜಪಾನಿನಲ್ಲಿ ಹೆರಾಲ್ಡ್ ಪಾಮರರು ಪತ್ನಿಯೊಡನೆ ಸೇರಿ, ಕ್ರಿಯೆಗಳ ಮೂಲಕ ಇಂಗ್ಲೀಷು ಕಲಿಸುವ ಪಾಠಮಾಲೆಯನ್ನು ೧೯೨೫ರಲ್ಲಿ ಟೋಕಿಯೋದಿಂದ ಪ್ರಕಟಿಸಿದರು. ಅದರಲ್ಲಿಯೂ ಅಪ್ಪಣೆಯ ಆಟ ಇದೆ. ೧೯೬೦ರ ದಶಕದಲ್ಲಿ ಕ್ಯಾಲಿಫೋರ್ನಿಯದ ಮನಶ್ಶಾಸ್ತ್ರಜ್ಞ ಆಶರ್ ಅದನ್ನೇ ಜಪಾನೀ, ರಶ್ಯನ್ ಭಾಷೆಗಳೊಡನೆ ಪ್ರಯೋಗಕ್ಕೊಡ್ಡಿ, ಮಾತಾಡುವ ಮುನ್ನ ಕೇಳಿ ಮಾಡುವುದರಿಂದ ನೆನಪು ಗಟ್ಟಿಯಾಗುವುದೆಂದು ತೋರಿಸಿದರು. ಶಿಬಿರದವರು ಅಮೆರಿಕವೆಂದದ್ದು ಇವರನ್ನು. ಪ್ರಯೋಗ ಹೊಸದು, ಆಟ ಹಳೆಯದು.

ಈ ನಡುವೆ ಮದ್ರಾಸು ರಾಜ್ಯದಲ್ಲಿ ೧೯೫೯ರಿಂದ ದೊಡ್ಡದೊಂದು ಚಳುವಳಿಯೇ ನಡೆಯಿತು. ಇಂಗ್ಲೀಷನ್ನು ಆರಂಭಿಸುವ ತರಗತಿಗಳ ಸುಮಾರು ಇಪ್ಪತ್ತೇಳು ಸಾವಿರ ಉಪಾಧ್ಯಾಯರಿಗೆ ಹೊಸ ಕ್ರಮದ ತರಬೇತಿ ಕೊಡುವ ಯೋಜನೆ: ಕೆಲವರಿಗೆ ಕಲಿಸಿ, ಅವರಿಂದ ಮತ್ತಷ್ಟು ಮಂದಿಗೆ ಕಲಿಸುವುದು. ಹಿಮದ ಉಂಡೆ ಉರುಳುತ್ತ ದೊಡ್ಡದಾಗುವಂತೆ ಎಂದು ಅದನ್ನು ಬಣ್ಣಿಸಿದರು. ೧೯೫೬ರ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಗಿತ್ತಾದ್ದರಿಂದ ನಾವು ಇದರ ಹೊರಗೆ ಉಳಿದೆವು. ಹೊಸೂರು, ತಾಳವಾಡಿ, ನೀಲಗಿರಿಗಳು ಮದ್ರಾಸಿನಲ್ಲಿಯೇ ಇದ್ದವು. ವಾಕ್ಯದ ಒಂದೊಂದು ಮಾದರಿಯನ್ನು ಎತ್ತಿಕೊಂಡು, ಬಾಗಿಲಿನತ್ತ ನಡೆಯುತ್ತ, ಬಾಗಿಲು ತೆರೆಯುತ್ತ, ಮಾಡುವುದನ್ನು ಮಾತಿನಲ್ಲಿ ಹೇಳುವ ಕ್ರಮ ಅದು. ಉಂಡೆ ಉರುಳಿದಷ್ಟೂ ಅದರೊಳಗಿನ ಸಾರ ತೆಳುವಾಗುವುದು ಸಹಜ. ತರಗತಿಗೆ ಬರುವ ವೇಳೆಗೆ ಬಾಗಿಲೂ ಇಲ್ಲ, ನಡೆಯುವುದೂ ಇಲ್ಲ. ವಾಕ್ಯದ ಒಕ್ಕೊರಲ ಪಠಣವೊಂದೇ ಉಳಿದದ್ದನ್ನು ನಾವು ಅನೇಕ ಕಡೆ ಕಂಡಿದ್ದೇವೆ. ಗೂಯೆಂನ ಗಿರಣಿ ಇಲ್ಲಿಗೆ ಬರುವಾಗ ಮರಳನ್ನು ಕಳೆದುಕೊಂಡಿತ್ತು.

ಈ ಒಕ್ಕೊರಲ ಪಠಣದ ಫಲವೇನೆಂದು ನಿಷ್ಠುರವಾಗಿ ಕೇಳಿದ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಅಲ್ಲಿನ ಪ್ರಾದೇಶಿಕ ಇಂಗ್ಲೀಷ್ ಸಂಸ್ಥೆಯ ಆಶ್ರಯದಲ್ಲಿ ಎನ್. ಎಸ್. ಪ್ರಭು ಅವರು ೧೯೭೯ರಿಂದ ೧೯೮೪ರವರೆಗೆ ಬೆಂಗಳೂರು ಮದ್ರಾಸು ಮುಂತಾದೆಡೆಗಳ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಭಾಷಾಬೋಧನೆಯ ಚರಿತ್ರೆಯಲ್ಲಿ ಲೋಕಪ್ರಸಿದ್ಧ. ವ್ಯಾಕರಣವನ್ನೂ ವಾಕ್ಯಮಾದರಿಗಳನ್ನೂ ಪಕ್ಕಕ್ಕಿಟ್ಟು, ರೈಲಿನ ವೇಳಾಪಟ್ಟಿ, ಊರಿನ ನಕ್ಷೆ, ತಿಂಗಳ ಕ್ಯಾಲೆಂಡರು, ಗಡಿಯಾರದ ಮುಖ ಇವನ್ನು ಮಕ್ಕಳ ಮುಂದಿಟ್ಟರು. ಇಷ್ಟು ಗಂಟೆಗೆ ಆ ಊರನ್ನು ಸೇರಬೇಕಾದರೆ ಯಾವ ರೈಲು ಹಿಡಿಯಬೇಕು? ಮಗು ಯೋಚಿಸುವುದು ರೈಲಿನ ಬಗೆಗೆ, ಬಳಸುವುದು ಇಂಗ್ಲೀಷನ್ನು. ಮನಸ್ಸು ಅರ್ಥದ ಮೇಲೆ ತೊಡಗಿದಾಗ ಭಾಷೆಯ ರಚನೆ ತನಗೆ ತಾನೇ ಒಳಗೆ ಬೇರೂರುತ್ತದೆಂಬುದು ಪ್ರಭು ಅವರ ನಂಬಿಕೆ. ೧೯೮೭ರಲ್ಲಿ ಅವರ ಗ್ರಂಥ ಹೊರಬಂತು.

ಪ್ರಭು ಅವರು ಆಟವೆಂಬ ಶಬ್ದವನ್ನು ಮುಂದೆ ಮಾಡಲಿಲ್ಲವೆಂಬುದು ಗಮನಾರ್ಹ. ಮಕ್ಕಳನ್ನು ಗುಂಪುಗಳಾಗಿ ಕೂರಿಸುವುದನ್ನು ಕೂಡ ಅವರು ಒಪ್ಪಲಿಲ್ಲ. ಭಾಷೆ ಬಾರದವರು ಭಾಷೆ ಬಾರದವರೊಡನೆಯೇ ಮಾತಾಡಿದರೆ ತಪ್ಪು ಮಾತೇ ಗಟ್ಟಿಯಾದೀತು ಎಂಬುದು ಅವರ ಅಂಜಿಕೆ. ಈಗಿನ ಶಿಬಿರಗಳಲ್ಲಿ ಗುಂಪುಚಟುವಟಿಕೆಯಿಲ್ಲದ ಪಾಠ ಪಾಠವೇ ಅಲ್ಲವೆಂಬಂತೆ ಹೇಳುವವರು, ನಮ್ಮ ನೆಲದಲ್ಲಿಯೇ ನಡೆದ ಈ ಪ್ರಯೋಗ ಗುಂಪಿಲ್ಲದೆಯೇ ನಡೆಯಿತೆಂಬುದನ್ನು ಒಮ್ಮೆ ನೋಡುವುದು ಒಳ್ಳೆಯದು. ಪ್ರಭು ಅವರ ಅಂಜಿಕೆ ಪೂರ್ತಿ ಸರಿಯೆಂದು ನಾವು ಹೇಳುವುದಿಲ್ಲ. ನಾಚಿಕೆಯ ಮಗು ಉಪಾಧ್ಯಾಯನೆದುರಿಗಿಂತ ಗೆಳೆಯನೆದುರು ಬೇಗ ಬಾಯಿ ಬಿಡುವುದನ್ನು ನಾವು ನಿತ್ಯ ಕಾಣುತ್ತೇವೆ.

ಇಷ್ಟನ್ನು ಓದಿದ ಮೇಲೆ ಡೆಸ್ಸೌವಿನ ಊಹೆಯ ಆಟವನ್ನು ನಾವು ಐದನೆಯ ತರಗತಿಯಲ್ಲಿ ಆಡಿಸಿ ನೋಡಿದೆವು. ಮೊದಲ ದಿನ ಇಂಗ್ಲೀಷಿನ ಹೊರತು ಬೇರೆ ಮಾತು ಕೂಡದೆಂದು ಕಟ್ಟುನಿಟ್ಟು ಮಾಡಿದೆವು. ಮುಂದಿನ ಬೆಂಚಿನ ನಾಲ್ವರು ಕೂಗಾಡಿದರು. ಉಳಿದವರು ನೋಡುತ್ತ ಕುಳಿತರು. ಹೊರಗಿನಿಂದ ನೋಡಿದವರಿಗೆ ತರಗತಿ ಬಹಳ ಚುರುಕಾಗಿ ಕಂಡಿರಬೇಕು! ಮರುದಿನ ಕಟ್ಟನ್ನು ಸಡಿಲಿಸಿ, ಶಬ್ದ ಗೊತ್ತಿಲ್ಲದವರು ತಮಗೆ ಬಂದ ಮಾತಿನಲ್ಲಿ ಊಹಿಸಲಿ, ಅದಕ್ಕೆ ಇಂಗ್ಲೀಷು ಏನೆಂದು ಬಲ್ಲವರು ಹೇಳಲಿ ಎಂದೆವು. ಅದು ಅಡುಗೆಮನೆಯಲ್ಲಿರುವ ವಸ್ತುವೆಂಬುದು ಸುಳಿವು. ಕೊನೆಯ ಬೆಂಚಿನಲ್ಲಿ ಎಂದೂ ಮಾತಾಡದ ಹುಡುಗಿಯೊಬ್ಬಳು ತುಳುವಿನಲ್ಲಿ "ಕತ್ತಿ" ಎಂದಳು. ಪಕ್ಕದವಳು ಅದು ಕನ್ನಡದಲ್ಲಿಯೂ ಕತ್ತಿಯೇ ಎಂದಳು. ಮಲಯಾಳದಲ್ಲಿಯೂ ಅದೇ ಎಂದು ಹಿಂದಿನಿಂದ ಯಾರೋ ಕೂಗಿದರು. ಇಂಗ್ಲೀಷಿನ ಶಬ್ದ ಬಂದದ್ದು ಅದರ ತರುವಾಯ. ಬರೆಯುವಾಗ ಮೊದಲಿನ ಅಕ್ಷರವನ್ನು ಉಚ್ಚರಿಸುವುದಿಲ್ಲವೇಕೆ ಎಂದು ಅದೇ ಹುಡುಗಿ ಎದ್ದು ನಿಂತು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ನೋಡಿ ಹೇಳುತ್ತೇವೆಂದೆವು, ಗಂಟೆ ಬಾರಿಸಿತು.